ಶಟರ್ ಎಳೆಯುವ ಸದ್ದು

ಸಿನಿಮಾದಲ್ಲಿ ಒಬ್ಬ ಇನ್ನೊಬ್ಬನ ಮುಖಕ್ಕೆ ಗುದ್ದಿದಾಗ ಕೇಳಿಸುತ್ತಲ್ಲ, ಆ ಸದ್ದು ಮುಖದ್ದಲ್ಲ. ಸೆಲರಿ ಸೊಪ್ಪಿನ ದಂಟನ್ನು ಮೈಕಿನ ಮುಂದೆ ಲಟಕ್ಕನೆ ಮುರಿದದ್ದು. ಇಲ್ಲಾಂದ್ರೆ ಒದ್ದೆ ಬಟ್ಟೆ ಸುತ್ತಿದ ಚರ್ಮದ ದಿಂಬಿಗೆ ಬಾರಿಸಿದ್ದು. ಎರಡನ್ನೂ ಒಂದರ ಮೇಲೊಂದು ಇಟ್ಟರೆ ದವಡೆ ಮುರಿದ ಹಾಗೆ ಕೇಳಿಸುತ್ತದೆ. ನಿಜವಾದ ಗುದ್ದಿಗೆ ಅಷ್ಟೆಲ್ಲ ಸದ್ದಿಲ್ಲ. ಹಾಸಿಗೆ ಮೇಲೆ ದಪ್ಪ ಪುಸ್ತಕ ಬಿದ್ದ ಹಾಗೆ, ದೊಪ್ ಅಂತ, ಅಷ್ಟೆ. ಹೊಟ್ಟೆಪಾಡು ಇದೇ ಆದ್ದರಿಂದ ಗೊತ್ತು. ನಾನು ಸೌಂಡ್ ಎಡಿಟರ್.

ಹೋದ ತಿಂಗಳು ಕೈಗೆ ಬಂದ ಒಂದು ಚಿತ್ರದಲ್ಲಿ ಸ್ಟೇಡಿಯಂ ಹೊರಗೆ ಒಂದು ಹೊಡೆದಾಟ ಇದೆ. ನಾಲ್ಕೂವರೆ ನಿಮಿಷದ್ದು. ನಿರ್ದೇಶಕರು ‘ಈ ಥರ ಬೇಕು’ ಅಂತ ಒಂದು ಪಟ್ಟಿ ಕಳಿಸಿದರು. ಎಲ್ಲವೂ ಇಂಗ್ಲೆಂಡಿನ ಫುಟ್‌ಬಾಲ್ ಹೂಲಿಗನ್‌ಗಳ, ಅಂದ್ರೆ ಪಂದ್ಯದ ನೆಪದಲ್ಲಿ ಹೊಡೆದಾಡುವ ಪುಂಡರ ಸಿನಿಮಾ. ಹೆಚ್ಚಿನವನ್ನು ಮುಂಚೆ ನೋಡಿದ್ದೆ, ಸುಮ್ನೆ, ಹೊತ್ತು ಹೋಗಲಿ ಅಂತ. ಈ ಸಲ ಹೆಡ್‌ಫೋನ್ ಹಾಕಿಕೊಂಡು, ನೋಟ್‌ಬುಕ್ ಇಟ್ಟುಕೊಂಡು ಐದು ರಾತ್ರಿ ಕೂತೆ. ಕೆಲವು ದೃಶ್ಯಗಳನ್ನು ಪರದೆ ಆಫ್ ಮಾಡಿ ಬರೀ ಕೇಳಿದೆ. ಗುದ್ದು, ಗಾಜು, ಓಟ, ಬೈಗುಳ, ಹಾಡು. ಎಲ್ಲ ಇದೆ. ಆದರೆ ಏನೋ ಒಂದು ಇಲ್ಲ ಅಂತ ಮೊದಲ ರಾತ್ರಿಯಿಂದಲೇ ಕಿವಿ ಹೇಳುತ್ತಿತ್ತು. ಏನು ಅಂತ ಹೊಳೆದದ್ದು ಮೂರನೇ ರಾತ್ರಿ, ‘ಗ್ರೀನ್ ಸ್ಟ್ರೀಟ್’ ನೋಡುವಾಗ.

ಆ ಚಿತ್ರದ ಜೊತೆ ನನಗೊಂದು ಹಳೇ ಲೆಕ್ಕ ಇದೆ. ಅದರ ಹೆಸರಿನ ಬೀದಿಯಲ್ಲೇ ನಾನು ಎರಡು ವರ್ಷ ಇದ್ದೆ.

2014ರಲ್ಲಿ ಸೌಂಡ್ ಕೋರ್ಸ್‌ಗೆ ಅಂತ ಲಂಡನ್‌ಗೆ ಹೋದಾಗ ಕೈಗೆಟಕುವ ಬಾಡಿಗೆಗೆ ಸಿಕ್ಕಿದ್ದು ಪೂರ್ವ ಲಂಡನ್ನಿನ ಗ್ರೀನ್ ಸ್ಟ್ರೀಟಿನಲ್ಲಿ, ಬಟ್ಟೆ ಅಂಗಡಿ ಮೇಲಿನ ಒಂದು ರೂಮು. ಅಪ್ಟನ್ ಪಾರ್ಕ್ ಟ್ಯೂಬ್ ಸ್ಟೇಷನ್‌ನಿಂದ ಐದು ನಿಮಿಷ ನಡಿಗೆ. ಸ್ವಲ್ಪ ಮುಂದೆ ಹೋದರೆ ವೆಸ್ಟ್ ಹ್ಯಾಮ್ ಯುನೈಟೆಡ್ ಕ್ಲಬ್ಬಿನ ಬೊಲಿನ್ ಗ್ರೌಂಡ್. ಹೊರಡುವ ಮುಂಚೆ ಚಿತ್ರ ನೋಡಿದ್ದೆನಲ್ಲ, ಟ್ರಾಲಿ ಎಳೆದುಕೊಂಡು ಸ್ಟೇಷನ್‌ನಿಂದ ಹೊರಗೆ ಬರುವಾಗ ಎದೆ ಡವಡವ. ಬೋಳು ತಲೆ, ಕೈಯಲ್ಲಿ ಬಿಯರ್, ಗೋಡೆಗೆ ಒರಗಿ ನಿಂತ ದಾಂಡಿಗರು ಇರುತ್ತಾರೆ ಅಂದುಕೊಂಡಿದ್ದೆ. ಕಂಡದ್ದು ಸೀರೆ ಅಂಗಡಿ. ಅದರ ಪಕ್ಕ ಇನ್ನೊಂದು ಸೀರೆ ಅಂಗಡಿ. ಆಮೇಲೆ ಬಂಗಾರದ ಅಂಗಡಿ. ಕ್ವೀನ್ಸ್ ಮಾರ್ಕೆಟ್‌ನಲ್ಲಿ ಗುಡ್ಡೆ ಹಾಕಿದ ಹಸಿಮೆಣಸು. ಸಿನಿಮಾದ ಗ್ರೀನ್ ಸ್ಟ್ರೀಟಿನಲ್ಲಿ ಈ ಅಂಗಡಿಯವರಿಗೆ ಒಂದು ಹೇಳಿಕೊಳ್ಳುವ ಪಾತ್ರವೂ ಇಲ್ಲ.

ಕೆಳಗಿನ ಬಟ್ಟೆ ಅಂಗಡಿ ಒಬ್ಬ ಗುಜರಾತಿ ಹಿರಿಯರದು. ನಾನು ಕಾಕಾ ಅನ್ನುತ್ತಿದ್ದೆ, ಅವರು ನನ್ನನ್ನು ಬೇಟಾ ಅನ್ನುತ್ತಿದ್ದರು. 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಏಷ್ಯನ್ನರನ್ನೆಲ್ಲ ಹೊರಗೆ ಅಟ್ಟಿದನಲ್ಲ, ಆಗ ಅಪ್ಪ ಅಮ್ಮನ ಜೊತೆ ಎರಡು ಸೂಟ್‌ಕೇಸ್ ಹಿಡಿದು ಬಂದವರು. ಕ್ಯಾಷ್ ಪೆಟ್ಟಿಗೆ ಹಿಂದಿನ ಗೋಡೆಯಲ್ಲಿ ಲಕ್ಷ್ಮಿ ಫೋಟೋ, ಅದರ ಪಕ್ಕ ವೆಸ್ಟ್ ಹ್ಯಾಮ್‌ನ ಆ ವರ್ಷದ ಪಂದ್ಯಗಳ ಪಟ್ಟಿ. ದೊಡ್ಡ ಅಭಿಮಾನಿ ಇರಬೇಕು ಅಂದುಕೊಂಡೆ. ಒಂದು ದಿನ ಕೇಳಿಯೇಬಿಟ್ಟೆ. ಕಾಕಾ ನಕ್ಕರು. ಅವರು ಒಂದು ಪಂದ್ಯವನ್ನೂ ಒಳಗೆ ಹೋಗಿ ನೋಡಿದವರಲ್ಲ. ಪಟ್ಟಿ ಇಟ್ಟುಕೊಂಡದ್ದು ಯಾವ ದಿನ ಎಷ್ಟು ಹೊತ್ತಿಗೆ ಶಟರ್ ಇಳಿಸಬೇಕು ಅಂತ ಗೊತ್ತಾಗಲಿಕ್ಕೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಅಂಟಿದ ಅಭ್ಯಾಸ. ಆಗ ಕೆಲವು ಪಂದ್ಯಗಳಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಿದ್ದರಂತೆ. ಕಡು ವೈರಿ ಕ್ಲಬ್ ಮಿಲ್‌ವಾಲ್ ಬಂದರೆ ಎರಡು ಗೆರೆ. ಆಟ ಮಧ್ಯಾಹ್ನ ಮೂರಕ್ಕೆ ಶುರು, ಐದಕ್ಕೆ ಕಾಲು ಗಂಟೆ ಇರುವಾಗ ಮುಗಿಯುತ್ತದೆ. ನಾಲ್ಕೂವರೆಗೆ ಶಟರ್ ಅರ್ಧ. ಜನ ಹೊರಗೆ ಬರುವಾಗ ಬಾಗಿಲ ಹಿಂದೆ ನಿಂತು ಕಿವಿಗೊಡುವುದು.

‘ಹಾಡ್ತಾ ಬಂದರೆ ಭಯ ಇಲ್ಲ ಬೇಟಾ,’ ಅಂದರು. ‘ಹಾಡು ನಿಂತರೆ ಶಟರ್ ಪೂರ್ತಿ.’

ನನ್ನ ಕೋರ್ಸ್‌ನಲ್ಲಿ ಯಾರೂ ಇಷ್ಟು ಚೆನ್ನಾಗಿ ಸೌಂಡ್ ಪಾಠ ಹೇಳಿಕೊಟ್ಟಿರಲಿಲ್ಲ.

ಈಗ ಸಿನಿಮಾಕ್ಕೆ ಬರುತ್ತೇನೆ. 2005ರ ಚಿತ್ರ. ‘ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಉಂಗುರ ಹೊತ್ತುಕೊಂಡು ಮೂರು ಸಿನಿಮಾ ನಡೆದ ಎಲೈಜಾ ವುಡ್ ಇದರಲ್ಲಿ ಮ್ಯಾಟ್ ಅನ್ನುವ ಅಮೆರಿಕದ ಹುಡುಗ. ರೂಮ್‌ಮೇಟ್‌ನ ಕೊಕೇನ್ ಇವನ ತಲೆಗೆ ಬಂದು ಹಾರ್ವರ್ಡ್‌ನಿಂದ ಹೊರಬೀಳುತ್ತಾನೆ. ಲಂಡನ್ನಿನಲ್ಲಿರುವ ಅಕ್ಕನ ಮನೆಗೆ ಬರುತ್ತಾನೆ. ಭಾವನ ತಮ್ಮ ಪೀಟ್ ವೆಸ್ಟ್ ಹ್ಯಾಮ್ ಹಿಂಬಾಲಕರ ಗ್ಯಾಂಗಿನ ನಾಯಕ. ಅಲ್ಲಿಯ ಮಾತಿನಲ್ಲಿ ಗ್ಯಾಂಗಿಗೆ ‘ಫರ್ಮ್’ ಅನ್ನುತ್ತಾರೆ, ಕಂಪನಿ ಅನ್ನುವ ಹಾಗೆ. ಪೀಟ್ ಆಗಿರುವುದು ಚಾರ್ಲಿ ಹನಮ್, ಹುಟ್ಟೂರು ಇಂಗ್ಲೆಂಡಿನ ಉತ್ತರದ ನ್ಯೂಕಾಸಲ್. ಅವನ ಲಂಡನ್ ಉಚ್ಚಾರಣೆ ಅಲ್ಲಿಯವರಿಗೆ ಈಗಲೂ ದೊಡ್ಡ ತಮಾಷೆ. ಕ್ಲಾಸಿನಲ್ಲಿ ಒಮ್ಮೆ ಅವನ ಒಂದು ಡೈಲಾಗ್ ಹಾಕಿದ್ದರು. ಪೂರ್ವ ಲಂಡನ್ನಿನ ಇಬ್ಬರು ಹುಡುಗರು ನಕ್ಕು ನಕ್ಕು ಕುರ್ಚಿಯಿಂದ ಬೀಳುವುದೊಂದು ಬಾಕಿ.

ನಿರ್ದೇಶಕಿ ಲೆಕ್ಸಿ ಅಲೆಕ್ಸಾಂಡರ್ ಜರ್ಮನಿಯ ಮ್ಯಾನ್‌ಹೈಮ್‌ನವರು. ಕರಾಟೆ, ಕಿಕ್‌ಬಾಕ್ಸಿಂಗ್‌ನಲ್ಲಿ ಚಾಂಪಿಯನ್ ಆಗಿದ್ದವರು. ಹದಿಹರೆಯದಲ್ಲಿ ತಮ್ಮೂರಿನ ಇಂಥದ್ದೇ ಒಂದು ಗುಂಪಿನ ಜೊತೆ ಓಡಾಡಿದ್ದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಅದು ಚಿತ್ರದಲ್ಲಿ ಗೊತ್ತಾಗುತ್ತದೆ. ಹೊಡೆದಾಟಕ್ಕಿಂತ ಜಾಸ್ತಿ, ಪಬ್ ದೃಶ್ಯಗಳಲ್ಲಿ. ಹೊಸಬನ ಹೆಗಲಿಗೆ ಯಾರೋ ಕೈ ಹಾಕುತ್ತಾರೆ, ಕೈಗೆ ಗ್ಲಾಸ್ ಬರುತ್ತದೆ, ಗೊತ್ತಿಲ್ಲದ ಹಾಡಿಗೆ ಅವನು ತುಟಿ ಆಡಿಸುತ್ತಾನೆ. ಇಂಥ ಜಾಗದಲ್ಲಿ ಆಕೆಯ ಕೈ ನಡುಗುವುದಿಲ್ಲ. ಒಂಟಿ ಹುಡುಗನಿಗೆ ಒಂದು ಗುಂಪು ಸಿಗುವುದು ಹೇಗೆ ಅಂತ ಬಲ್ಲವರೇ ತೆಗೆದ ದೃಶ್ಯಗಳು.

ಆದರೆ ಕೊನೆಯ ಹೊಡೆದಾಟ ನೋಡಿ. ಅಲ್ಲ, ಕೇಳಿ. ಮಿಲ್‌ವಾಲ್ ಗ್ಯಾಂಗಿನ ಯಜಮಾನನ ಮಗ ಹಿಂದೊಮ್ಮೆ ಇಂಥದ್ದೇ ಗಲಾಟೆಯಲ್ಲಿ ಸತ್ತಿದ್ದಾನೆ. ಆ ಅಪ್ಪನ ಕೈಯಲ್ಲಿ ಪೀಟ್ ಸಾಯುತ್ತಾನೆ. ಜಜ್ಜಿ ಜಜ್ಜಿ ಕೊಲ್ಲುವ ದೃಶ್ಯ. ಅಷ್ಟರಲ್ಲಿ ಒಂದು ನಿಧಾನದ ಹಾಡು ಮೇಲೆದ್ದಿದೆ. ಗುದ್ದಿನ ಸದ್ದು ಹಿಂದೆ ಸರಿದಿದೆ. ನಮ್ಮ ಕೆಲಸದಲ್ಲಿ ಇದು ಎಲ್ಲರಿಗೂ ಗೊತ್ತಿರುವ ಉಪಾಯ: ಗುದ್ದು ಮೇಲಿದ್ದರೆ ನೋಡುವವನಿಗೆ ನೋವಾಗುತ್ತದೆ, ಹಾಡು ಮೇಲಿದ್ದರೆ ದುಃಖವಾಗುತ್ತದೆ. ದುಃಖ ಹಿತವಾದದ್ದು. ಜನ ದುಡ್ಡು ಕೊಟ್ಟು ಪಡುತ್ತಾರೆ. ಆಮೇಲೆ ಮ್ಯಾಟ್ ಅಮೆರಿಕಕ್ಕೆ ವಾಪಸ್ ಹೋಗಿ, ತನ್ನನ್ನು ಸಿಕ್ಕಿಸಿದ ರೂಮ್‌ಮೇಟ್‌ನ ಬಾಯಿಂದಲೇ ನಿಜ ಕಕ್ಕಿಸಿ ರೆಕಾರ್ಡ್ ಮಾಡಿಕೊಂಡು, ವೆಸ್ಟ್ ಹ್ಯಾಮ್ ಅಭಿಮಾನಿಗಳು ಹಾಡುವ ನೀರುಗುಳ್ಳೆಯ ಹಾಡು ಹೇಳಿಕೊಂಡು ಬೀದಿಯಲ್ಲಿ ನಡೆದುಹೋಗುತ್ತಾನೆ. ಒಬ್ಬ ಸತ್ತ, ಇನ್ನೊಬ್ಬನಿಗೆ ಧೈರ್ಯ ಬಂತು, ಲೆಕ್ಕ ಚುಕ್ತಾ. ಇದನ್ನು ಎರಡನೇ ಸಲ ನೋಡಿದಾಗ ನನಗೆ ಸಿಟ್ಟು ಬಂತು. ಮೊದಲ ಸಲ ಕಣ್ಣೀರು ಬಂದಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಮೂರನೇ ರಾತ್ರಿ ಹೊಳೆದದ್ದು ಇಷ್ಟೇ. ಶಟರ್ ಇಲ್ಲ. ಅಷ್ಟು ಜನ ಬೀದಿಯಲ್ಲಿ ಓಡುತ್ತಾರೆ, ಬಾಟಲಿ ಒಡೆಯುತ್ತದೆ. ಆ ಬೀದಿಯಲ್ಲಿ ಯಾರೂ ಅಂಗಡಿ ಮುಚ್ಚುತ್ತಿಲ್ಲ. ಮೈಕು ಯಾವಾಗಲೂ ಗ್ಯಾಂಗಿನ ಒಳಗೇ ಇದೆ.

ಪಟ್ಟಿಯಲ್ಲಿದ್ದ ಹಳೆಯ ಚಿತ್ರ ‘ದಿ ಫರ್ಮ್’. ಅಲನ್ ಕ್ಲಾರ್ಕ್ ಬಿಬಿಸಿ ಟೀವಿಗೆ ಅಂತ ಮಾಡಿದ್ದು. ಬರೀ 70 ನಿಮಿಷ, ಚಿಕ್ಕದು. ಇವತ್ತಿಗೂ ಉಳಿದವೆಲ್ಲ ಇದರ ಮುಂದೆ ಮಕ್ಕಳಾಟ ಅಂತ ನನ್ನ ಅಭಿಪ್ರಾಯ. ಗ್ಯಾರಿ ಓಲ್ಡ್‌ಮನ್ ಇದರಲ್ಲಿ ಬೆಕ್ಸ್. ಕೆಲಸ ಮನೆ ಮಾರಿಸುವುದು. ಸೂಟು, ಟೈ, ಒಳ್ಳೇ ಮನೆ, ಹೆಂಡತಿ, ಇನ್ನೂ ತೊದಲುವ ಗಂಡು ಮಗು. ಶನಿವಾರ ಬಂದರೆ ಗ್ಯಾಂಗಿನ ನಾಯಕ. ಆ ಕಾಲದಲ್ಲಿ ಹೂಲಿಗನ್ ಅಂದ್ರೆ ಕೆಲಸವಿಲ್ಲದ ಬಡ ಪೋಕರಿ ಅನ್ನುವುದು ಎಲ್ಲರ ಬಾಯಲ್ಲಿದ್ದ ಮಾತು. ಕ್ಲಾರ್ಕ್ ಆ ನೆಪವನ್ನೇ ಕಿತ್ತುಕೊಂಡರು. ಈ ಮನುಷ್ಯನಿಗೆ ಯಾವ ಕೊರತೆಯೂ ಇಲ್ಲ. ಅವನಿಗೆ ಬೇಕಾದದ್ದು ಕಿಕ್ಕು, ಅಷ್ಟೆ. ಪಬ್ಬಿನಲ್ಲಿ ಟೀವಿ ಹಾಕಿಕೊಂಡು ಕೂತಾಗ ಒಬ್ಬ ಪಂಡಿತರು ಹೂಲಿಗನ್‌ಗಳ ಮನಸ್ಸನ್ನು ಬಿಡಿಸಿ ಬಿಡಿಸಿ ವಿವರಿಸುತ್ತಾರೆ. ಇವರೆಲ್ಲ ಬಿದ್ದು ಬಿದ್ದು ನಗುತ್ತಾರೆ. ನಮಗೆ ಜನರನ್ನು ಹೊಡೆಯುವುದು ಇಷ್ಟ ಅಂತ ನೇರವಾಗಿ ಹೇಳಬಾರದಾ ಇವನಿಗೆ ಅನ್ನುವುದು ಅವರ ತಕರಾರು.

ಗ್ಯಾಂಗಿಗೆ ಚಿತ್ರದಲ್ಲಿ ‘ಇಂಟರ್ ಸಿಟಿ ಕ್ರೂ’ ಅಂತ ಹೆಸರು. ನಿಜದಲ್ಲಿ ವೆಸ್ಟ್ ಹ್ಯಾಮ್‌ಗೆ ‘ಇಂಟರ್ ಸಿಟಿ ಫರ್ಮ್’, ಚಿಕ್ಕದಾಗಿ ಐಸಿಎಫ್, ಇತ್ತು. ಅಭಿಮಾನಿಗಳಿಗೆ ಅಂತ ಬಿಡುತ್ತಿದ್ದ ವಿಶೇಷ ರೈಲುಗಳಲ್ಲಿ ಪೊಲೀಸರು ತುಂಬಿರುತ್ತಿದ್ದರು. ಇವರು ಮಾಮೂಲಿ ಇಂಟರ್‌ಸಿಟಿ ರೈಲು ಹತ್ತಿ ಸಭ್ಯರ ಹಾಗೆ ಹೋಗುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದಲೇ. ಹೊಡೆದವರ ಮೈಮೇಲೆ ವಿಸಿಟಿಂಗ್ ಕಾರ್ಡ್ ಬಿಟ್ಟು ಹೋಗುತ್ತಿದ್ದರು: ಅಭಿನಂದನೆಗಳು, ನೀವೀಗ ಐಸಿಎಫ್ ಅನ್ನು ಭೇಟಿಯಾಗಿದ್ದೀರಿ. ಕಾರ್ಡ್ ಅಚ್ಚು ಹಾಕಿಸಲಿಕ್ಕೆ ಪ್ರೆಸ್ಸಿಗೆ ಹೋಗಿ ಪ್ರೂಫ್ ನೋಡಿ ಬಂದ ಆ ಪುಣ್ಯಾತ್ಮ ಯಾರು ಅಂತ ನನಗೆ ಆಗಾಗ ಕುತೂಹಲವಾಗುತ್ತದೆ.

‘ದಿ ಫರ್ಮ್’ನಲ್ಲಿ ಒಂದು ದೊಡ್ಡ ಪಂದ್ಯವೂ ಇಲ್ಲ. ಶುರುವಿಗೆ ಇವರೇ ಭಾನುವಾರ ಆಡುವ ಒಂದು ಆಟ ಇದೆ, ಅಷ್ಟೇ. ಫುಟ್‌ಬಾಲ್ ಬರೀ ಕ್ಯಾಲೆಂಡರ್. ಯಾವ ವಾರ ಯಾರನ್ನು ಹೊಡೆಯಬೇಕು ಅಂತ ತಿಳಿಯಲಿಕ್ಕೆ. ಕಾಕಾ ಗೋಡೆಗೆ ಅಂಟಿಸಿದ್ದ ಅದೇ ಪಟ್ಟಿ, ಆ ಕಡೆಯಿಂದ ಓದಿದರೆ.

ನಾನು ನಾಲ್ಕು ಸಲ ಹಿಂದೆ ತಿರುಗಿಸಿ ಕೇಳಿದ್ದು ಹೊಡೆದಾಟ ಅಲ್ಲ. ಮನೆಯೊಳಗಿನ ಒಂದು ದೃಶ್ಯ. ಅಪ್ಪ ಮನೆಯಲ್ಲಿ ಎಲ್ಲೋ ಬಿಟ್ಟ ಸ್ಟ್ಯಾನ್ಲಿ ಚಾಕು ಮಗುವಿನ ಕೈಗೆ ಸಿಗುತ್ತದೆ. ಗಟ್ಟಿ ಕಾಗದ, ಕಾರ್ಪೆಟ್ ಕತ್ತರಿಸುವ ಸಣ್ಣ ಬ್ಲೇಡಿನ ಚಾಕು ಅದು. ಕಿಸೆಯಲ್ಲಿ ಹಿಡಿಯುತ್ತದೆ, ಹಾಗಾಗಿ ಗ್ಯಾಂಗಿನವರಿಗೆ ಅಚ್ಚುಮೆಚ್ಚು. ಆ ವಯಸ್ಸಿನ ಮಕ್ಕಳು ಕೈಗೆ ಸಿಕ್ಕಿದ್ದನ್ನು ಏನು ಮಾಡುತ್ತವೆ? ಬಾಯಿಗೆ ಇಟ್ಟುಕೊಳ್ಳುತ್ತವೆ. ರಕ್ತ, ಮಗುವಿನ ಚೀರಾಟ, ತಾಯಿಯ ಚೀರಾಟ. ತಾಯಿಯಾಗಿರುವುದು ಲೆಸ್ಲಿ ಮ್ಯಾನ್‌ವಿಲ್, ಆಗ ಓಲ್ಡ್‌ಮನ್‌ನ ನಿಜವಾದ ಹೆಂಡತಿ ಕೂಡ. ಇಡೀ ಐದು ರಾತ್ರಿಯಲ್ಲಿ ನಾನು ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಇಟ್ಟದ್ದು ಅಲ್ಲಿ ಮಾತ್ರ. ಉಳಿದ ಚಿತ್ರಗಳಲ್ಲಿ ಏಟು ತಿನ್ನುವವರೂ ಆಟಕ್ಕೆ ಒಪ್ಪಿ ಬಂದವರು, ಪಾಲುದಾರರು. ಆ ಮಗು ಯಾವುದಕ್ಕೂ ಒಪ್ಪಿರಲಿಲ್ಲ.

ಬೆಕ್ಸ್ ಕೊನೆಗೆ ಗುಂಡೇಟಿಗೆ ಸಾಯುತ್ತಾನೆ. ಸತ್ತ ಮೇಲೆ ಗೆಳೆಯರು ಕ್ಯಾಮೆರಾ ಮುಂದೆ ಅವನನ್ನು ಹೊಗಳುತ್ತಾರೆ. ಹಾಡು ಬಂದು ನಮ್ಮನ್ನು ಅಳಿಸುವುದಿಲ್ಲ. ಇವರಿಗೆ ಏನೂ ಗೊತ್ತಾಗಿಲ್ಲವಲ್ಲ ಅಂತ ನಾವು ಬೆಪ್ಪಾಗಿ ಕೂರಬೇಕು.

ಆ ಚಿತ್ರ ಬಿಬಿಸಿ 2ರಲ್ಲಿ ಬಂದದ್ದು 1989ರ ಫೆಬ್ರವರಿ 26ರಂದು. ಏಳು ವಾರ ಕೂಡ ಆಗಿರಲಿಲ್ಲ, ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಸ್ಟೇಡಿಯಂ ದುರಂತ ನಡೆಯಿತು. ಈ ಎರಡು ತಾರೀಕನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಸ್ವಲ್ಪ ಹಿಂದಕ್ಕೆ ಹೋಗಿ ಹೇಳಬೇಕು. 1985ರ ಮಾರ್ಚ್‌ನಲ್ಲಿ ಲೂಟನ್ ಮತ್ತು ಮಿಲ್‌ವಾಲ್ ಪಂದ್ಯದಲ್ಲಿ ಸೀಟುಗಳನ್ನು ಕಿತ್ತು ಎಸೆದ ಗಲಭೆ ಟೀವಿಯಲ್ಲಿ ದೇಶಕ್ಕೆಲ್ಲ ಕಂಡಿತು. ಲೂಟನ್ ಕ್ಲಬ್ ಆಮೇಲೆ ನಾಲ್ಕು ಸೀಸನ್ ಹೊರಗಿನ ಅಭಿಮಾನಿಗಳನ್ನು ಒಳಗೇ ಬಿಡಲಿಲ್ಲ. ಅದೇ ಮೇ 29ರಂದು ಬ್ರಸೆಲ್ಸ್‌ನ ಹೈಸೆಲ್ ಸ್ಟೇಡಿಯಂನಲ್ಲಿ ಲಿವರ್‌ಪೂಲ್ ಕಡೆಯ ಗುಂಪು ನುಗ್ಗಿದಾಗ ಗೋಡೆ ಕುಸಿದು 39 ಜನ ಸತ್ತರು. ಹೆಚ್ಚಿನವರು ಇಟಲಿಯವರು. ಇಂಗ್ಲೆಂಡಿನ ಕ್ಲಬ್‌ಗಳನ್ನು ಐದು ವರ್ಷ ಯುರೋಪಿನ ಆಟಗಳಿಂದ ಹೊರಗಿಟ್ಟರು. ಅಷ್ಟರಲ್ಲಿ ಅಭಿಮಾನಿ ಅಂದ್ರೆ ಪುಂಡ, ಅವನನ್ನು ಕೂಡಿಹಾಕಬೇಕು ಅನ್ನುವುದು ಆಡಳಿತದವರ ತಲೆಯಲ್ಲಿ ಗಟ್ಟಿಯಾಗಿತ್ತು. ಅವನು ಮೈದಾನಕ್ಕೆ ನುಗ್ಗಬಾರದು ಅಂತ ಸ್ಟ್ಯಾಂಡಿನ ಮುಂದೆ ಉಕ್ಕಿನ ಬೇಲಿ.

ಹಿಲ್ಸ್‌ಬರೋದಲ್ಲಿ ಆ ಬೇಲಿಗೆ ಒತ್ತಿ ಉಸಿರುಕಟ್ಟಿ ಸತ್ತದ್ದು ಹೂಲಿಗನ್‌ಗಳಲ್ಲ. ಆಟ ನೋಡಲಿಕ್ಕೆ ಬಂದ ಜನ. ಮಕ್ಕಳೂ ಇದ್ದರು. ಸಾವಿನ ಲೆಕ್ಕ ಕೊನೆಗೆ 97ಕ್ಕೆ ಬಂತು. ಬೇಲಿ ಹತ್ತಿ ಹೊರಗೆ ಬರಲು ಒದ್ದಾಡುತ್ತಿದ್ದವರನ್ನು ಕಂಡು ಪೊಲೀಸರು ಮೊದಲು ಅಂದುಕೊಂಡದ್ದು ಮೈದಾನಕ್ಕೆ ನುಗ್ಗುತ್ತಿದ್ದಾರೆ ಅಂತ. ತಪ್ಪೆಲ್ಲ ಅಭಿಮಾನಿಗಳದೇ ಅಂತ ಪೊಲೀಸರು, ಪತ್ರಿಕೆ ಸೇರಿ ಕತೆ ಕಟ್ಟಿದರು. ಅವರದು ತಪ್ಪಿರಲಿಲ್ಲ, ಇದು ಕಾನೂನುಬಾಹಿರ ಸಾವು ಅಂತ ಜ್ಯೂರಿ ಹೇಳಿದ್ದು 2016ರಲ್ಲಿ. 27 ವರ್ಷ ಬೇಕಾಯಿತು.

ಹೂಲಿಗನ್ ಸಿನಿಮಾಗಳ ದೊಡ್ಡ ಬೆಳೆ ಬಂದದ್ದು ಇದೆಲ್ಲ ತಣ್ಣಗಾದ ಮೇಲೆ. ಬೇಲಿ ಹೋಯಿತು, ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಸೀಟು ಬಂತು, ಕ್ಯಾಮೆರಾ ಬಂತು, ಟಿಕೆಟ್ ಗಗನಕ್ಕೆ ಹೋಯಿತು. 2004ರಿಂದ 2009ರ ಒಳಗೆ ಸಾಲು ಸಾಲು ಚಿತ್ರ. ಬೆಂಕಿ ಆರಿದ ಮೇಲೆ ಮೈ ಕಾಯಿಸಿಕೊಳ್ಳಲು ಕೂತ ಹಾಗೆ. ನಿಕ್ ಲವ್ 2009ರಲ್ಲಿ ‘ದಿ ಫರ್ಮ್’ ಅನ್ನೇ ಮತ್ತೆ ಮಾಡಿದರು. ಈ ಸಲ ಕತೆ ಗ್ಯಾಂಗಿಗೆ ಸೇರುವ ಎಳೇ ಹುಡುಗನ ಕಣ್ಣಿನಿಂದ. ತಲೆಯಲ್ಲಿ ಉಳಿಯುವುದು ಬಟ್ಟೆ. ಗಿಳಿ ಬಣ್ಣದ ಟ್ರ್ಯಾಕ್‌ಸೂಟು, ಇಟಲಿಯ ಬ್ರ್ಯಾಂಡು, ಬಿಳೀ ಶೂ. ಅದು ಸುಳ್ಳಲ್ಲ. ಎಪ್ಪತ್ತರ ಕೊನೆಗೆ ಅಲ್ಲಿಯ ಹುಡುಗರು ಕ್ಲಬ್ಬಿನ ಸ್ಕಾರ್ಫ್ ಬಿಟ್ಟು ದುಬಾರಿ ಬಟ್ಟೆ ಹಾಕಲು ಶುರುಮಾಡಿದ್ದರು. ಸ್ಕಾರ್ಫ್, ಬೂಟು ಹುಡುಕುತ್ತಿದ್ದ ಪೊಲೀಸರ ಕಣ್ಣಿಗೆ ಬೀಳುತ್ತಿರಲಿಲ್ಲ. ‘ಕ್ಯಾಶುಯಲ್ಸ್’ ಅಂತ ಅವರಿಗೆ ಹೆಸರು. ಆದರೆ ಚಿತ್ರ ನೋಡಿ ಎದ್ದಾಗ ನನಗೆ ಶೂ ಕೊಳ್ಳಬೇಕು ಅನ್ನಿಸಿತು. ಚಾಕುವಿನ ನೆನಪು ಬರಲಿಲ್ಲ.

ಇದೇ ನಿಕ್ ಲವ್ 2004ರಲ್ಲಿ ಮಾಡಿದ್ದು ‘ದಿ ಫುಟ್‌ಬಾಲ್ ಫ್ಯಾಕ್ಟರಿ’. ಚೆಲ್ಸಿ ಗ್ಯಾಂಗಿನ ಹುಡುಗ ಟಾಮಿ ನಮ್ಮ ಕಿವಿಯಲ್ಲಿ ಉದ್ದಕ್ಕೂ ಮಾತಾಡುತ್ತಾನೆ. ವಾಯ್ಸ್ ಓವರ್ ಅನ್ನುವುದು ದೊಡ್ಡ ಲಂಚ. ಮೈಕಿಗೆ ಬಾಯಿ ಹತ್ತಿರ ಇಟ್ಟು ಮಾತಾಡಿದವನು ನಮ್ಮ ಗೆಳೆಯನೇ ಆಗಿಬಿಡುತ್ತಾನೆ, ಅವನು ಯಾರ ತಲೆ ಒಡೆದರೂ ಸರಿ. ಕೊನೆಗೆ ಮಿಲ್‌ವಾಲ್‌ನವರ ಕೈಲಿ ಚಚ್ಚಿಸಿಕೊಂಡು ಆಸ್ಪತ್ರೆ ಸೇರುತ್ತಾನೆ. ಪಕ್ಕದ ಹಾಸಿಗೆಯಲ್ಲಿ ತಾತ, ಎರಡನೇ ಮಹಾಯುದ್ಧದಲ್ಲಿ ಹೋರಾಡಿದವನು. ಇದೆಲ್ಲ ಬೇಕಿತ್ತಾ ಅಂತ ಟಾಮಿ ತನ್ನನ್ನೇ ಕೇಳಿಕೊಳ್ಳುತ್ತಾನೆ. ಬೇಕೇ ಬೇಕಿತ್ತು ಅಂತ ಅವನದೇ ಉತ್ತರ. ಆ ಸಾಲಿಗೆ ಥಿಯೇಟರ್‌ನಲ್ಲಿ ಶಿಳ್ಳೆ ಬೀಳುತ್ತದೆ ಅಂತ ಬರೆದವರಿಗೂ ಗೊತ್ತಿತ್ತು.

ಒಂದು ಚಿತ್ರ ಮಾತ್ರ ನನ್ನನ್ನೇ ಹಿಡಿದು ನಿಲ್ಲಿಸಿತು. 1995ರ ‘ಐಡಿ’. ನಿರ್ದೇಶಕ ಫಿಲಿಪ್ ಡೇವಿಸ್, ಹಳೇ ‘ದಿ ಫರ್ಮ್’ನಲ್ಲಿ ಬೆಕ್ಸ್‌ಗೆ ಗುಂಡು ಹಾರಿಸುವ ಎದುರಾಳಿಯಾಗಿ ನಟಿಸಿದವರು. ಶ್ಯಾಡ್‌ವೆಲ್ ಅನ್ನುವ ಕಾಲ್ಪನಿಕ ಕ್ಲಬ್ಬಿನ ಗ್ಯಾಂಗಿಗೆ ಪೊಲೀಸರು ವೇಷ ಮರೆಸಿ ಸೇರುತ್ತಾರೆ. ಅವರಲ್ಲಿ ಜಾನ್ ಅನ್ನುವವನು ಸಾಕ್ಷಿ ಹುಡುಕುತ್ತಾ ಹುಡುಕುತ್ತಾ ತಾನೇ ಅದಾಗುತ್ತಾನೆ. ಹೊಡೆದಾಟಕ್ಕಿಂತ ಮುಂಚೆ ಅವನನ್ನು ಎಳೆದುಕೊಳ್ಳುವುದು ಹಾಡು, ಕುಣಿತ, ಗೋಲು ಬಿದ್ದಾಗಿನ ಅಪ್ಪುಗೆ. ನೋಡಿದವರು ಇದು ಸ್ವಲ್ಪ ಅತಿಯಾಯಿತು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ.

ಯಾಕೆ ಅಂದ್ರೆ, 2015ರ ಚಳಿಗಾಲ. ರಾತ್ರಿ ಒಬ್ಬಳೇ ರೈಲಿನಲ್ಲಿ ಬರುತ್ತಿದ್ದೆ. ಯಾವ ಕ್ಲಬ್ಬು ಅಂತ ಬೇಡ, ಗೆದ್ದು ಬಂದ ಮೂವತ್ತು ನಲವತ್ತು ಜನ ನನ್ನ ಬೋಗಿಗೆ ಹತ್ತಿದರು. ಹಾಡು ಶುರುವಾಯಿತು. ಬೋಗಿಯ ತಗಡಿಗೆ ಅಂಗೈಯಿಂದ ಬಡಿತ, ನೆಲಕ್ಕೆ ಕಾಲಿನ ಬಡಿತ. ಅಷ್ಟು ಗಂಡು ಗಂಟಲು ಒಂದೇ ಸ್ವರಕ್ಕೆ ಬಂದಾಗ ಎದೆಯ ಮೂಳೆ ನಡುಗುತ್ತದೆ. ಇದು ಕಾವ್ಯ ಅಲ್ಲ, ಕೆಳಗಿನ ಫ್ರೀಕ್ವೆನ್ಸಿ ಇರುವುದೇ ಹಾಗೆ. ಬ್ಯಾಗಿನಲ್ಲಿ ರೆಕಾರ್ಡರ್ ಇತ್ತು. ತೆಗೆಯಲಾ ಅಂತ ಯೋಚಿಸುತ್ತಿದ್ದೆ. ಕೆಳಗೆ ನೋಡಿದರೆ ನನ್ನ ಕಾಲು ತಾಳ ಹಾಕುತ್ತಿದೆ.

ಮುಂದಿನ ಸ್ಟೇಷನ್‌ನಲ್ಲಿ ಒಬ್ಬ ಹುಡುಗ ಹತ್ತಿದ. ಹದಿನೇಳು ಇರಬಹುದು. ಕುತ್ತಿಗೆಗೆ ಬೇರೆ ಬಣ್ಣದ ಸ್ಕಾರ್ಫ್. ಬಾಗಿಲು ಮುಚ್ಚಿದ ಮೇಲೆ ಅವನಿಗೆ ತಾನು ಎಲ್ಲಿ ಹತ್ತಿದೆ ಅಂತ ಗೊತ್ತಾಯಿತು. ಹಾಡು ನಿಂತಿತು. ಕಾಕಾ ಹೇಳಿದ್ದು ನೆನಪಾಯಿತು, ಆದರೆ ಬೋಗಿಗೆ ಶಟರ್ ಇರುವುದಿಲ್ಲ. ಸ್ಕಾರ್ಫ್ ಕಿತ್ತುಕೊಂಡರು. ಎರಡು ಏಟು, ದೊಪ್, ದೊಪ್. ಸೆಲರಿ ಅಲ್ಲ, ಪುಸ್ತಕ. ಎಲ್ಲ ಸೇರಿ ನಲವತ್ತು ಸೆಕೆಂಡ್ ಇರಲಿಕ್ಕಿಲ್ಲ. ನಾನು ಮೊಬೈಲ್ ನೋಡುತ್ತಿದ್ದೆ. ನೆಟ್‌ವರ್ಕ್ ಇರಲಿಲ್ಲ. ಆದರೂ ನೋಡುತ್ತಿದ್ದೆ. ಮುಂದಿನ ಸ್ಟೇಷನ್ ಬಂತು, ಹುಡುಗ ಮೂಗು ಹಿಡಿದುಕೊಂಡು ಇಳಿದ. ಬಾಗಿಲು ಮುಚ್ಚಿತು. ಎಲ್ಲಿ ನಿಲ್ಲಿಸಿದ್ದರೋ ಆ ಸಾಲಿನಿಂದಲೇ ಹಾಡು ಮತ್ತೆ ಶುರುವಾಯಿತು. ಅಷ್ಟು ಜನಕ್ಕೂ ಸಾಲು ನೆನಪಿತ್ತು!

ಮೊಬೈಲ್ ನೋಡುತ್ತಾ ಕೂತ ಆ ಹೆಂಗಸು ಯಾವ ಚಿತ್ರದಲ್ಲೂ ಇಲ್ಲ. ಇದ್ದರೆ ಅಂಚಿನಲ್ಲಿ, ಮಸುಕಾಗಿ.

2016ರ ಮೇ 10, ಬೊಲಿನ್ ಗ್ರೌಂಡಿನ ಕೊನೆಯ ಪಂದ್ಯ. ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್. ನೂರಹನ್ನೆರಡು ವರ್ಷ ಆಡಿದ ಜಾಗ ಬಿಟ್ಟು ವೆಸ್ಟ್ ಹ್ಯಾಮ್ ಒಲಿಂಪಿಕ್ ಸ್ಟೇಡಿಯಂಗೆ ಹೋಗುವುದಿತ್ತು. ಮಧ್ಯಾಹ್ನದಿಂದಲೇ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ಕಣ್ಣೊರೆಸಿಕೊಳ್ಳುವ ಮುದುಕರು, ಹೆಗಲ ಮೇಲೆ ಮಕ್ಕಳು. ನಾನು ಕಿಟಕಿಯಲ್ಲಿ ಮೈಕು ಇಟ್ಟು ರೆಕಾರ್ಡರ್ ಒತ್ತಿದೆ. ಆ ಫೈಲ್ ಇನ್ನೂ ನನ್ನ ಹತ್ತಿರ ಇದೆ, ಮೊನ್ನೆ ಮತ್ತೆ ಕೇಳಿದೆ. ಮೊದಲು ಹಾಡು, ಬೀದಿ ತುಂಬ, ಹೆಂಗಸರ ದನಿಯೂ ಸೇರಿ. ನಿಜಕ್ಕೂ ಚೆಂದದ ಹಾಡು. ಆಮೇಲೆ ದೂರದಲ್ಲಿ ಕೂಗು ಬದಲಾಗುತ್ತದೆ. ಮ್ಯಾಂಚೆಸ್ಟರ್ ಆಟಗಾರರ ಬಸ್ ಜನರ ನಡುವೆ ಸಿಕ್ಕಿಕೊಂಡು ಅದರ ಮೇಲೆ ಬಾಟಲಿ ಬಿದ್ದದ್ದು ನನಗೆ ಗೊತ್ತಾದದ್ದು ಸುದ್ದಿಯಲ್ಲಿ. ಆಟ 45 ನಿಮಿಷ ತಡವಾಗಿ ಶುರುವಾಯಿತು, ವೆಸ್ಟ್ ಹ್ಯಾಮ್ 3-2ರಲ್ಲಿ ಗೆದ್ದಿತು. ಫೈಲಿನಲ್ಲಿ ಇರುವುದು ಗಾಜಿನ ಸಣ್ಣ ಸದ್ದು, ಸೈರನ್, ಮತ್ತೆ ನನ್ನ ಕಿಟಕಿಯ ನೇರ ಕೆಳಗೆ ಘರ್ರರ್ ಅಂತ ಶಟರ್. ಅದರ ಬೆನ್ನಿಗೆ ಪಕ್ಕದ ಅಂಗಡಿಯದು. ಅದರಾಚೆಯದು. ಬೀದಿ ಉದ್ದಕ್ಕೂ ಒಂದರ ಹಿಂದೊಂದು, ಸಣ್ಣದಾಗುತ್ತಾ, ಕೇಳಿಸದಷ್ಟು ದೂರದವರೆಗೆ.

ಸ್ಟೇಡಿಯಂ ಕೆಡವಿ ಅಲ್ಲಿ ಈಗ ಫ್ಲ್ಯಾಟ್ ಕಟ್ಟಿದ್ದಾರೆ. ಕಾಕಾ ಅಂಗಡಿಯನ್ನು ಮಗಳಿಗೆ ಬಿಟ್ಟಿದ್ದಾರೆ. ಹೋದ ದೀಪಾವಳಿಗೆ ಫೋನ್ ಮಾಡಿದಾಗ ಪಂದ್ಯದ ಪಟ್ಟಿ ಗೋಡೆಯಿಂದ ತೆಗೆದಿರಾ ಅಂತ ಕೇಳಿದೆ. ಇಲ್ಲವಂತೆ. ಕೊನೆಯ ವರ್ಷದ್ದು ಹಾಗೇ ಇದೆಯಂತೆ.

ನನ್ನ ನಾಲ್ಕೂವರೆ ನಿಮಿಷದ ಹೊಡೆದಾಟಕ್ಕೆ ಆ ಫೈಲಿನಿಂದ ಹನ್ನೊಂದು ಸೆಕೆಂಡ್ ಕತ್ತರಿಸಿ ಹಾಕಿದೆ. ಮೊದಲ ಬಾಟಲಿ ಒಡೆದ ಮೇಲೆ, ಹಿಂದಿನಿಂದ, ಎಡದಿಂದ ಬಲಕ್ಕೆ ಹೋಗುವ ಶಟರ್‌ಗಳು. ಗುದ್ದುಗಳಲ್ಲಿ ಸೆಲರಿ ತೆಗೆದು ಬರೀ ದೊಪ್ ಇಟ್ಟೆ. ನಿರ್ದೇಶಕರು ಮಿಕ್ಸ್ ಕೇಳಲು ಬಂದರು. ಗುದ್ದು ಸಪ್ಪೆಯಾಯಿತು, ಸ್ವಲ್ಪ ಖಾರ ಹಾಕಿ ಅಂದರು. ಅದನ್ನು ನಿರೀಕ್ಷಿಸಿದ್ದೆ, ಸೆಲರಿ ಟ್ರ್ಯಾಕ್ ಎತ್ತಿಟ್ಟಿದ್ದೆ, ವಾಪಸ್ ಹಾಕಿದೆ. ಆಮೇಲೆ ಅವರು ತಲೆ ಓರೆ ಮಾಡಿದರು.

‘ಹಿಂದೆ ಅದೇನು ಘರ್ರ್ ಅಂತ? ರೈಲಾ?’

‘ಅಂಗಡಿ ಶಟರ್ ಸರ್.’

‘ಅಂಗಡಿ ಫ್ರೇಮಲ್ಲಿ ಇಲ್ವಲ್ಲ.’

‘ಇಲ್ಲ ಸರ್.’

ಅವರು ಇನ್ನೊಮ್ಮೆ ಹಾಕಿಸಿ ಕೇಳಿದರು. ತೆಗೆದುಬಿಡಿ, ಗಮನ ಆ ಕಡೆ ಹೋಗುತ್ತೆ ಅಂದರು. ನಾನು ಶಟರ್ ಸದ್ದಿನ ಫೇಡರ್ ಇಳಿಸಿದೆ. ಪೂರ್ತಿ ಇಳಿಸಲಿಲ್ಲ.